ಹಳದಿಯಾಗದ ನೀರು

ನಾನು ಓದಿದ್ದು ಮೂರನೇ ಇಯತ್ತೆ. ಮಾಡಿದ್ದು ನರೇಗಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ವಾಟರ್‌ಮನ್ ಕೆಲಸ: ದಿನಾ ಬೆಳಿಗ್ಗೆ ಟ್ಯಾಂಕ್ ಏರಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವುದು. ಆದರೆ ಮರೆಯಲಾಗದ ಕೇಸ್ ಬಂದದ್ದು ನಿವೃತ್ತನಾದ ಮೇಲೆ, ಹೋದ ವರ್ಷದ ಬೇಸಿಗೆಯಲ್ಲಿ, ಗಜೇಂದ್ರಗಡದ ಮಗಳ ಮನೆಯಲ್ಲಿ. ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಮಾತು ಹೆಚ್ಚಾದರೆ ಕ್ಷಮಿಸಿ.

ಮೊಮ್ಮಗಳು ಅಕ್ಷತಾಳಿಗೆ ಎಂಟು ವರ್ಷ. ಮುರಿದ ಕಾಲಿನ ಪ್ಲಾಸ್ಟರ್ ತೆಗೆದರೂ ಮಂಡಿ ಮಡಚುತ್ತಿರಲಿಲ್ಲ. ದಿನಾ ನೀರಿನಲ್ಲಿ ನಡೆಸಿ ಎಂದರು ಡಾಕ್ಟರು. ಹಿತ್ತಲಿನಲ್ಲಿ ಅಳಿಯ ಕಟ್ಟಿಸಿದ್ದ ಇಪ್ಪತ್ತು ಸಾವಿರ ಲೀಟರಿನ ಈಜುಕೊಳವೇನೋ ಇತ್ತು. ನೀರು ಮಾತ್ರ ಪಾಚಿಗಟ್ಟಿ ಹಸಿರಾಗಿತ್ತು. ಖಾಲಿ ಮಾಡಿ ಹೊಸದಾಗಿ ತುಂಬಿಸಲು ಬೋರ್‌ವೆಲ್ ಸಾಲದು.

"ಇದು ನನ್ನ ಕೆಲಸ, ನನಗ ಬಿಡ್ರಿ" ಎಂದೆ. ಇಂಥ ನೀರಿಗೆ ಶಾಕ್ ಕ್ಲೋರಿನೇಷನ್ ಬೇಕು, ಅಂದರೆ ಕುಡಿಯುವ ನೀರಿಗಿಂತ ಐದಾರು ಪಟ್ಟು ಕ್ಲೋರಿನ್ ಒಮ್ಮೆಗೇ ಕೊಡುವುದು. ಆರುನೂರು ಗ್ರಾಂ ಪೌಡರನ್ನು ಬಕೆಟ್ ನೀರಿನಲ್ಲಿ ಕಲಸಿ, ಮೇಲಿನ ತಿಳಿಯನ್ನು ಬೆಳಿಗ್ಗೆ ಎಂಟಕ್ಕೆ ಸುರಿದೆ. ಮಧ್ಯಾಹ್ನ ಒಂದು ಲೋಟ ನೀರಿಗೆ ಪರೀಕ್ಷೆಯ ಹನಿ ಹಾಕಿದೆ. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಆಗಲೇ ಇಲ್ಲ! ಮರುದಿನ ಮತ್ತೆ ಸುರಿದರೂ ಅದೇ. ಪೌಡರ್ ಹಳೆಯದೇ? ನನ್ನ ಅಳತೆ ತಪ್ಪಿತೇ? ಹೊಸ ಪಾಕೀಟು ಒಡೆದೆ. ಮೂರನೇ ದಿನವೂ ಕೊಳ ಹಸಿರೇ, ಹನಿ ಹಾಕಿದರೆ ಹಳದಿಯಿಲ್ಲ. ತಲೆ ಕೆಟ್ಟುಹೋಯಿತು.

"ಊರಿಗೆಲ್ಲಾ ನೀರ ಕುಡಿಸಿದಾಂವ, ಮಗಳ ಮನಿ ಹೊಂಡಕ್ಕ ಸೋತಿ ಏನಪಾ?" ಎಂದು ಮಗಳು ಶಾಂತಾ ನಕ್ಕಳು.

ಅಕ್ಷತಾ ನಗಲಿಲ್ಲ. "ಮುತ್ಯಾ, ನನ್ನ ಕಾಲ ಹಿಂಗ ಉಳೀತದೇನು?" ಎಂದಳು.

ಹಳೆಯ ರೂಢಿಯಂತೆ ಆ ಮೂರನೇ ಬೆಳಿಗ್ಗೆ ಪೌಡರಿನ ತಿಳಿ ಸುರಿದ ಮೇಲೆ ಕೊಳದ ನೀರನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟು ಮರೆತಿದ್ದೆ. ಅದಕ್ಕೂ ಹನಿ ಹಾಕಿದೆ. ಹಳದಿ! ಒಂದೇ ನೀರು, ಡಬ್ಬಿಯಲ್ಲಿ ಕ್ಲೋರಿನ್ ಇದೆ, ಕೊಳದಲ್ಲಿಲ್ಲ. ಎರಡನ್ನೂ ಮುಂದಿಟ್ಟುಕೊಂಡು ಅರ್ಧ ತಾಸು ಕೂತೆ. ಬೋಳು ತಲೆ ಸುಡತೊಡಗಿದಾಗ ಹೊಳೆಯಿತು: ಬಿಸಿಲು! ಕ್ಲೋರಿನ್ನನ್ನು ಬಿಸಿಲೇ ತಿನ್ನುತ್ತಿತ್ತು. ಊರ ಟ್ಯಾಂಕಿಗೆ ಮುಚ್ಚಳವಿತ್ತಲ್ಲ!

ಅಂದು ಹೊತ್ತು ಮುಳುಗಿದ ಮೇಲೆ ಸುರಿದೆ, ಗೋಡೆ ತಿಕ್ಕಿದೆ, ಫಿಲ್ಟರ್ ನಡೆಸಿದೆ. ಬೆಳಿಗ್ಗೆ ನೋಡಿದರೆ ನೀರು ಹಾಲಿನಂತೆ ಬಿಳಿ. ಮತ್ತೆ ಗಾಬರಿ! ಅದು ಸತ್ತ ಪಾಚಿ. ಎರಡು ದಿನದಲ್ಲಿ ಫಿಲ್ಟರ್ ಎಳೆದುಕೊಂಡಿತು. ಕ್ಲೋರಿನ್ ಇಳಿಯಲೆಂದು ಇನ್ನೊಂದು ದಿನ ಕಾದು ಅಕ್ಷತಾಳನ್ನು ಇಳಿಸಿದೆ.

"ಮುತ್ಯಾ, ನನ್ನ ಕಾಲ್ಬೆರಳ ಎಲ್ಲಾ ಕಾಣಾಕತ್ತಾವ!" ಎಂದು ಕೂಗಿ, ನೋಡಲು ಬಾಗಿದಳು. ಬಾಗುವಾಗ ಮಂಡಿ ಮಡಚಿತ್ತು, ಅವಳಿಗೇ ತಿಳಿಯದಂತೆ. ಈಗ ಶಾಲೆಗೆ ಓಡುತ್ತಾಳೆ, ಓಡುತ್ತಾಳೆ!

ಇಪ್ಪತ್ತೆಂಟು ವರ್ಷ ಎಲ್ಲವೂ ನನ್ನ ಕೈಗುಣ ಅಂದುಕೊಂಡಿದ್ದೆ. ಅರ್ಧ ಕೆಲಸ ಆ ಮುಚ್ಚಳ ಮಾಡುತ್ತಿತ್ತು.