ಬಾಲಲೀಲೆಯ ಆಲ್ಬಮ್ಮು

ನನ್ನ ಫೋನು ಈಚೆಗೆ ದಿನಕ್ಕೊಮ್ಮೆಯಾದರೂ ಜಾಗವಿಲ್ಲ ಜಾಗವಿಲ್ಲ ಎಂದು ಗೊಣಗುತ್ತದೆ. ವಯಸ್ಸಾಗುತ್ತ ಬಂದಂತೆ ಗೊಣಗುವುದು ಸೃಷ್ಟಿನಿಯಮ, ಅದಕ್ಕೂ ನನ್ನ ಸಹವಾಸದೋಷ ತಗುಲಿರಬೇಕು ಎಂದುಕೊಂಡು ಮೊದಮೊದಲು ಸುಮ್ಮನಿದ್ದೆ. ಕೊನೆಗೊಂದು ಭಾನುವಾರದ ಮಧ್ಯಾಹ್ನ, ಉಂಡ ಮೇಲೆ ಬರಬೇಕಾದ ನಿದ್ದೆ ಬಾರದಿದ್ದಾಗ, ಇದರ ಹೊಟ್ಟೆಯಲ್ಲಿ ಅಂಥದ್ದೇನು ತುಂಬಿದೆಯೋ ನೋಡಿಯೇಬಿಡೋಣವೆಂದು ಫೋಟೋಗಳನ್ನು ತೆರೆದರೆ, ಮೇಲಿನಿಂದ ಕೆಳಗಿನ ತನಕ ಬರೀ ಬಾಲಗಳು. ಬೂದು ಬಣ್ಣದ, ತುದಿಯಲ್ಲಷ್ಟೇ ಸುಣ್ಣ ಹಚ್ಚಿದಂತೆ ಬಿಳಿಯಿರುವ, ಒಂದೇ ಬೆಕ್ಕಿನ ಒಂದೇ ಬಾಲ. ಬಾಗಿಲ ಸಂದಿಯಲ್ಲಿ ಅಂತರ್ಧಾನವಾಗುತ್ತಿರುವ ಬಾಲ, ಮೇಜಿನ ಕಾಲನ್ನು ಬಳಸಿ ಹೊರಟ ಬಾಲ, ಪ್ರಶ್ನಾರ್ಥಕ ಚಿಹ್ನೆಯಂತೆ ಸೊಟ್ಟಗಾದ ಬಾಲ, ಆಶ್ಚರ್ಯಸೂಚಕದಂತೆ ನೆಟ್ಟಗೆ ನಿಂತ ಬಾಲ. ಸಂಸ್ಕೃತದಲ್ಲಿ ಬಾಲನೆಂದರೆ ಮಗು, ಕನ್ನಡದಲ್ಲಿ ಬಾಲವೆಂದರೆ ಇದು. ಬಾಲಲೀಲೆಯನ್ನು ನೋಡಿ ತಣಿಯುವ ಭಾಗ್ಯವನ್ನು ದೇವರು ನನಗೆ ಕೊಟ್ಟನೇನೋ ನಿಜ, ಆದರೆ ಕನ್ನಡದ ಅರ್ಥದಲ್ಲಿ ಕೊಟ್ಟ. ಎಲ್ಲವನ್ನೂ ಅಳಿಸಿಬಿಡೋಣವೆಂದು ಬೆರಳೆತ್ತಿದೆ. ಒಂದೊಂದಾಗಿ ಒತ್ತಬೇಕಲ್ಲ ಎಂಬ ಬೇಸರಕ್ಕೆ ಬೆರಳನ್ನು ಇಳಿಸಿದೆ.

ಬೇಸರವೆಂದರೆ ಒಂದು ದಿನದ ಬೇಸರವಲ್ಲ, ಅದು ನನ್ನ ವೃತ್ತಿಯ ಜೊತೆ ಬಂದದ್ದು. ಸಾಗರದ ಒಂದು ಹಳೆಯ ಮುದ್ರಣಾಲಯದಲ್ಲಿ ಕರಡು ತಿದ್ದುವವನು ನಾನು. ಮದುವೆಯ ಕರೆಯೋಲೆ, ಗೃಹಪ್ರವೇಶದ ಕರೆಯೋಲೆ, ಕೊನೆಗೆ ವೈಕುಂಠ ಸಮಾರಾಧನೆಯ ಕರೆಯೋಲೆ, ಹೀಗೆ ಒಂದೇ ಮನೆತನದವರ ಹುಟ್ಟುಸಾವುಗಳ ಕಾಗುಣಿತವನ್ನು ತಲೆಮಾರುಗಟ್ಟಲೆ ತಿದ್ದಿದವನು. ‘ವಧು’ವಿನ ಕೊಂಬು ಕಳಚಿ ಎತ್ವ ಬಂದು ‘ವಧೆ’ಯಾಗಿದ್ದನ್ನು ಕೊನೆಯ ಗಳಿಗೆಯಲ್ಲಿ ತಡೆದು ಎರಡು ಕುಟುಂಬಗಳ ಮಾನ ಉಳಿಸಿದ್ದೂ ಉಂಟು, ಆ ಸಾಹಸಕ್ಕೆ ಯಾರೂ ಹಾರ ಹಾಕಲಿಲ್ಲ ಅನ್ನಿ. ಅಕ್ಷರಗಳ ಒಂದು ದೊಡ್ಡ ಗುಣವೆಂದರೆ ಕೂರಿಸಿದಲ್ಲಿ ಕೂರುತ್ತವೆ. ಜೀವಮಾನವಿಡೀ ಅಂಥ ವಿಧೇಯರ ಸಹವಾಸದಲ್ಲಿದ್ದವನಿಗೆ ಈ ಇಳಿವಯಸ್ಸಿನಲ್ಲಿ ಬೆಕ್ಕಿನ ಫೋಟೋ ತೆಗೆಯುವ ಕೆಲಸ ಗಂಟುಬಿದ್ದರೆ ಅವನ ಪಾಡು ಏನಾಗಬೇಡ, ನೀವೇ ಹೇಳಿ.

ಬೆಕ್ಕಿನ ಹೆಸರು ಶಾಂತಿ. ನಮ್ಮ ಬಾಡಿಗೆ ಮನೆಯ ನೀರಿನ ಟ್ಯಾಂಕಿನ ಹಿಂದೆ ಅಂಗೈಯಷ್ಟಿದ್ದ ಮರಿಯಾಗಿ ಸಿಕ್ಕಿದ್ದು. ಹಗಲೂ ಇರುಳೂ ಕಿರುಚುತ್ತಿದ್ದ ಅದಕ್ಕೆ ನನ್ನ ಹೆಂಡತಿ ವಸಂತಿ, ಹೆಸರಿನಿಂದಲಾದರೂ ಗುಣ ಬರಲಿ ಎಂದು ಶಾಂತಿ ಎಂದು ಕರೆದಳು. ಗುಣ ಬರಲಿಲ್ಲ, ಹೆಸರು ನಿಂತಿತು. ಆರು ವರ್ಷ ಅದು ಅವಳ ಕಾಲಸಂದಿಯಲ್ಲೇ ಬದುಕಿತು. ನನ್ನನ್ನು ಬಾಡಿಗೆ ಕೊಡುವ ಒಬ್ಬ ಮನುಷ್ಯನೆಂದು ಸಹಿಸಿಕೊಂಡಿತ್ತು, ಅಷ್ಟೇ. ನಡುವೆ ವಸಂತಿಗೆ ಉಬ್ಬಸ ಶುರುವಾಯಿತು. ಡಾಕ್ಟರು ಔಷಧಿ ಬದಲಿಸಿದರು, ಮನೆಯ ಧೂಳು ಹೊಡೆಸಿದರು, ದಿಂಬು ಬದಲಿಸಿದರು, ಕೊನೆಗೆ ಬೆಕ್ಕಿನ ಕೂದಲು ಆಗುವುದಿಲ್ಲ, ಅದು ಮನೆಯಲ್ಲಿರಬಾರದು ಎಂದರು. ಶರಾವತಿ ಹಿನ್ನೀರಿನಾಚೆ ತುಮರಿಯಲ್ಲಿರುವ ವಸಂತಿಯ ತಮ್ಮ ಮಂಜಪ್ಪ, ಗದ್ದೆಮನೆಯಲ್ಲಿ ಇಲಿ ಕಾಟ ಜಾಸ್ತಿ, ನಮ್ಮಲ್ಲಿಗೆ ಕೊಡಿ ಎಂದ. ಅವಳು ಒಪ್ಪಿದಳು. ಒಪ್ಪಿ, ನನ್ನ ಕಡೆ ತಿರುಗಿ ಒಂದೇ ಒಂದು ಷರತ್ತು ಹಾಕಿದಳು.

“ಒಂದು ಒಳ್ಳೆ ಫೋಟೋ ತೆಗ್ದುಕೊಡಿ ಮಾರಾಯ್ರೆ. ಕಣ್ಣು ಬಿಟ್ಕೊಂಡು ನನ್ನೇ ನೋಡೋ ಹಂಗೆ ಇರ್ಬೇಕು. ಅದ್ನ ನೋಡ್ಕೊಂಡು ಹೆಂಗೋ ಇರ್ತೀನಿ.”

ಇಷ್ಟು ವರ್ಷದ ದಾಂಪತ್ಯದಲ್ಲಿ ಅವಳು ನನ್ನಲ್ಲಿ ಕೇಳಿದ್ದು ಕಡಿಮೆ, ನಾನು ಕೊಟ್ಟದ್ದು ಅದಕ್ಕಿಂತ ಕಡಿಮೆ. ಇದೊಂದನ್ನಾದರೂ ನೆರವೇರಿಸೋಣವೆಂದು, ಸಾಕುಬೆಕ್ಕುಗಳ ಛಾಯಾಗ್ರಹಣಕ್ಕೆ ಸಲಹೆಗಳು ಎಂಬ ಜಾತಿಯ ವಿಡಿಯೋಗಳನ್ನೆಲ್ಲ ಫೋನಿಗೆ ಇಳಿಸಿಕೊಂಡು ಶಿಷ್ಯವೃತ್ತಿಗೆ ಕೂತೆ. ಬೆಕ್ಕಿನ ಕಣ್ಣಿನ ಮಟ್ಟಕ್ಕೆ ಇಳಿಯಿರಿ ಎನ್ನುವುದು ಮೊದಲನೆಯ ಪಾಠ. ಇಳಿದೆ. ಹೊಟ್ಟೆ ಮೇಲೆ ಮಲಗಿ, ಉಸಿರು ಬಿಗಿಹಿಡಿದು, ಮೊಣಕೈ ಊರಿ ಕಾದೆ. ಬೆಕ್ಕು ಒಮ್ಮೆ ಬಂದು ನನ್ನ ಬೋಳುತಲೆಯನ್ನು ಮೂಸಿ ಹೋಯಿತು. ಇಳಿಯುವುದನ್ನು ಹೇಳಿಕೊಟ್ಟ ಪುಣ್ಯಾತ್ಮರು ಏಳುವುದನ್ನು ಹೇಳಿಕೊಟ್ಟಿರಲಿಲ್ಲವಾಗಿ ವಸಂತಿಯೇ ಬಂದು ರಟ್ಟೆ ಹಿಡಿದೆತ್ತಬೇಕಾಯಿತು. ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ ಎಂದರು. ಫ್ಲ್ಯಾಶ್ ನಿಲ್ಲಿಸುವ ಗುಂಡಿ ಯಾವುದೆಂದು ತಿಳಿಯುವಷ್ಟರಲ್ಲಿ, ಎದುರಿನಿಂದ ರಾತ್ರಿ ಬಸ್ಸು ಬರುತ್ತಿರುವಂತೆ ಎರಡು ಬೆಂಕಿಯುಂಡೆಗಳ ಚಿತ್ರವೊಂದು ಮೂಡಿತು. ಬೀಗದ ಕೈ ಗೊಂಚಲನ್ನು ಕ್ಯಾಮೆರಾದ ಪಕ್ಕ ಅಲ್ಲಾಡಿಸಿದರೆ ಕುತೂಹಲದಿಂದ ನೋಡುತ್ತದೆಯಂತೆ. ನೋಡಿತು, ಆಗ ನನ್ನ ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಜಾರುತ್ತಿದ್ದ ಫೋನು. ಎರಡನೆಯ ಸಲ ಅಲ್ಲಾಡಿಸಿದಾಗ ಅದು ನನ್ನನ್ನು ನೋಡಿದ ರೀತಿಯನ್ನು ನಮ್ಮ ಪ್ರೆಸ್ಸಿನ ಹಳೆಯ ಯಜಮಾನರ ಮುಖದಲ್ಲಿ ಮಾತ್ರ ಕಂಡಿದ್ದೆ. ಒಣಮೀನಿನ ತುಂಡಿನ ಆಮಿಷವೂ ಆಯಿತು. ಮೀನು ಹೋಯಿತು, ಬಾಲ ಉಳಿಯಿತು.

ನಮ್ಮ ಪ್ರೆಸ್ಸಿಗೆ ಬಂದುಹೋಗುವ ಅರಳಸುರಳಿಯ ಗಣಪತಿಯನ್ನೂ ಒಂದು ದಿನ ಮನೆಗೆ ಕರೆತಂದೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಮದುವೆಗಳಿಗೆಲ್ಲ ಫೋಟೋ ತೆಗೆಯುವವನು; ಬೀಗರ ಜಗಳದ ನಡುವೆಯೂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಗಿಸುವಷ್ಟು ಗಟ್ಟಿಗ. ಗಾಡಿಚಕ್ರದಷ್ಟು ದೊಡ್ಡ ಕ್ಯಾಮೆರಾ ನೋಡಿದ್ದೇ ತಡ, ಶಾಂತಿ ಅಟ್ಟ ಹತ್ತಿ ಕೂತದ್ದು ಅವನ ಸ್ಕೂಟರಿನ ಸದ್ದು ದೂರವಾಗುವ ತನಕ ಇಳಿಯಲಿಲ್ಲ. “ಮದುಮಕ್ಕಳಿಗಾದ್ರೆ ಗದರಬಹುದು ಸಾರ್, ಇದಕ್ಕೆ ಎಂತ ಮಾಡೋದು” ಎಂದು ಕಾಫಿ ಕುಡಿದು ಹೋದ.

ಹಾಗೆ ನೋಡಿದರೆ ಶಾಂತಿ ಅಲುಗಾಡದೆ ಇರುವ ಹೊತ್ತೊಂದಿತ್ತು. ದಿನದ ಮುಕ್ಕಾಲು ಭಾಗ ಅದು ನಿದ್ದೆಯಲ್ಲಿರುತ್ತಿತ್ತು. ವಸಂತಿಯ ಹಳೆ ಸೀರೆಯ ಮೇಲೆ ಸುರುಳಿ ಸುತ್ತಿಕೊಂಡು, ಬಾಲವನ್ನೇ ಹೊದ್ದು, ಎಂಥ ಅಂಕುಡೊಂಕು ಕೈಯವನಿಗೂ ಸಿಗುವಂತೆ. ಒಮ್ಮೆ ಅಂಥ ಸುಯೋಗದಲ್ಲಿ ಫೋನು ಹಿಡಿದು ಬಗ್ಗಿದ್ದೆ, ಅಡುಗೆಮನೆಯಿಂದ ಬಂದವಳು ಸೌಟು ಸಮೇತ ಕೈ ಅಡ್ಡ ಹಿಡಿದಳು. “ಮಲಗಿದ್ದಾಗ ತೆಗೀಬ್ಯಾಡಿ! ಕಣ್ಣು ಮುಚ್ಚಿರೋ ಫೋಟೋ ನಮ್ಮಲ್ಲಿ ಯಾವಾಗ ತೆಗೀತಾರೆ ಅಂತ ಗೊತ್ತಿಲ್ವಾ ನಿಮ್ಗೆ?” ಗೊತ್ತಿಲ್ಲದೇನು, ಅಂಥ ಫೋಟೋ ಹಾಕಿ ಕೆಳಗೆ ‘ದುಃಖತಪ್ತ ಕುಟುಂಬದವರು’ ಎಂದು ಅಚ್ಚಾಗುವಾಗ ಪಕಾರಕ್ಕೆ ತಕಾರದ ಒತ್ತು ಸರಿಯಾಗಿ ಬಿದ್ದಿದೆಯೇ ಎಂದು ನೋಡುವವನೇ ನಾನು. ಫೋನನ್ನು ಜೇಬಿಗಿಳಿಸಿದೆ. ನಿದ್ದೆ ಮಾಡುವಾಗ ತೆಗೆಯಕೂಡದು, ಎದ್ದಿರುವಾಗ ತೆಗೆಯಲಾಗದು. ಈ ಎರಡರ ನಡುವೆ ಶಾಸ್ತ್ರ ಹೇಳುವುದು ಸ್ವಪ್ನಾವಸ್ಥೆಯೊಂದನ್ನೇ, ಅದರಲ್ಲೂ ಕಣ್ಣು ಮುಚ್ಚಿಯೇ ಇರುತ್ತದೆ.

ಕೊನೆಗೆ ಮಂಜಪ್ಪ ಬಂದೇಬಿಟ್ಟ. ಬೆಕ್ಕನ್ನು ಊರು ದಾಟಿಸುವುದಕ್ಕೆ ನಮ್ಮ ಕಡೆ ಒಂದು ಕ್ರಮವಿದೆ: ದಾರಿ ಕಾಣದಂತೆ ಗೋಣಿಚೀಲದಲ್ಲಿ ಹಾಕಿ ಒಯ್ಯಬೇಕು, ನಡುವೆ ಒಂದು ಹೊಳೆ ದಾಟಿಸಿದರೆ ಮತ್ತೆ ಬರುವುದಿಲ್ಲ. ಶರಾವತಿಯ ಹಿನ್ನೀರಿಗಿಂತ ದೊಡ್ಡ ಹೊಳೆ ಎಲ್ಲಿ ಸಿಗಬೇಕು? ವಸಂತಿ ಮದುವೆಯಾಗಿ ಬಂದಾಗಲೂ ಲಾಂಚಿನಲ್ಲಿ ಆ ನೀರನ್ನು ದಾಟಿಯೇ ಬಂದದ್ದು, ತವರಿಗೆ ಹೋಗಬೇಕೆಂದರೆ ಲಾಂಚಿನ ಹೊತ್ತು ಕಾಯಬೇಕಿತ್ತು. ಈಗ ಸೇತುವೆಯಾಗಿದೆ. ಅವಳೇ ಚೀಲದೊಳಗೆ ತನ್ನ ಹಳೆ ಸೀರೆ ಹಾಸಿ, ಬೆಕ್ಕನ್ನು ಒಳಗಿಳಿಸಿ, ಬಾಯಿಗೆ ಸಡಿಲವಾಗಿ ಹಗ್ಗ ಕಟ್ಟಿದಳು. ಒಳಗಿಂದ ಅದು ಮರಿಯಾಗಿದ್ದಾಗಿನ ದನಿಯಲ್ಲಿ ಕೂಗುತ್ತಿತ್ತು. ಮಂಜಪ್ಪನ ಜೀಪು ತಿರುವು ದಾಟಿದ ಮೇಲೆ ಅವಳು ಕೇಳಿದಳು: “ಸೇತುವೆ ಇದ್ಯಲ್ಲ, ನಡ್ಕೊಂಡು ಬಂದ್ರೆ?” ಅದು ಭಯವೋ ಆಸೆಯೋ ನನಗೆ ತಿಳಿಯಲಿಲ್ಲ. ನಾನು ಗೇಟು ಹಾಕಿದೆ.

ಶಾಂತಿಯಿಲ್ಲದ ಮನೆ ಎಷ್ಟು ಶಾಂತವಾಗಿರುತ್ತದೆಂಬುದು ಆಮೇಲೆ ಗೊತ್ತಾಯಿತು. ವಸಂತಿಯ ಉಬ್ಬಸ ಇಳಿಯಿತು, ರಾತ್ರಿ ನಿದ್ದೆ ಬರತೊಡಗಿತು, ಡಾಕ್ಟರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಆದರೆ ಬೆಳಿಗ್ಗೆ ಹಾಲು ಕಾಯಿಸಿದವಳು ಅಭ್ಯಾಸಬಲದಿಂದ ಚಿಕ್ಕ ತಟ್ಟೆಗೆ ಒಂದಿಷ್ಟು ಹೊಯ್ದು, ನೆಲಕ್ಕೆ ಬಗ್ಗುವಾಗ ನೆನಪಾಗಿ, ಅದನ್ನೇ ತಂದು ನನ್ನ ಕಾಫಿಗೆ ಸುರಿಯುತ್ತಿದ್ದಳು. ಫೋಟೋದ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು.

ಅಂತೂ ನಾನೇ ಮಂಜಪ್ಪನಿಗೆ ವಿಡಿಯೋ ಕಾಲ್ ಮಾಡಿದೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅವನು ಜಗಲಿಯಲ್ಲಿ ಫೋನನ್ನು ಅಕ್ಕಿ ಡಬ್ಬಕ್ಕೆ ಆನಿಸಿಟ್ಟ. ದೂರದಲ್ಲಿ ಕಂಬದ ಬುಡದಲ್ಲಿ ಶಾಂತಿ, ರೂಢಿಯಂತೆ ನಮಗೆ ಬೆನ್ನು ಹಾಕಿ ಕೂತಿತ್ತು. “ಕರೀ ಅಕ್ಕ, ಕರೀ” ಎಂದ ಮಂಜಪ್ಪ. ಅವಳು ಹಾಲಿನ ಹೊತ್ತಿನ ದನಿಯಲ್ಲಿ, “ಶಾಂತೀ... ಪುಸ್ ಪುಸ್ ಪುಸ್...” ಎಂದಳು.

ಬೆಕ್ಕಿನ ಕಿವಿ ತಿರುಗಿತು, ಕತ್ತು ತಿರುಗಿತು. ಎದ್ದು ನೆಟ್ಟಗೆ ಬಂದು ಫೋನಿನ ಮುಂದೆ ಕೂತು, ಎರಡೂ ಕಣ್ಣು ಅರಳಿಸಿ ಅವಳನ್ನೇ ನೋಡಿತು. ಯಾವ ಕಿಟಕಿಯ ಬೆಳಕೂ ಬೇಕಾಗಲಿಲ್ಲ, ಯಾರೂ ಹೊಟ್ಟೆ ಮೇಲೆ ಮಲಗಲಿಲ್ಲ. ಇದೇ ಇದೇ ಎಂದು ನಾನು ಗಡಿಬಿಡಿಯಲ್ಲಿ, ತೆರೆಯ ಮೇಲಿದ್ದದ್ದನ್ನು ಹಾಗೆಯೇ ಹಿಡಿದಿಡುವ ಗುಂಡಿಗಳಿಗಾಗಿ ತಡಕಾಡಿದೆ. ಸದ್ದು ಹೆಚ್ಚಾಯಿತು, ಸದ್ದು ಕಡಿಮೆಯಾಯಿತು, ಮತ್ತೆ ಒತ್ತಿದೆ. ಅಷ್ಟರಲ್ಲಿ ಶಾಂತಿ ದನಿಯ ಒಡತಿಯನ್ನು ಹುಡುಕಿಕೊಂಡು ಫೋನಿನ ಹಿಂದಕ್ಕೆ ಹೋಯಿತು. ನನಗೆ ಸಿಕ್ಕಿದ್ದು, ಹೇಳಬೇಕಾಗಿಲ್ಲ, ತೆರೆಯ ಉದ್ದಕ್ಕೂ ಬಾಲ.

ಆಚೆಯಿಂದ ಮಂಜಪ್ಪ ನಗುತ್ತ, “ಡಬ್ಬದ ಹಿಂದೆ ಹುಡುಕ್ತಾ ಇದೆ ಅಕ್ಕ, ನೀನು ಅಲ್ಲಿದ್ದೀಯ ಅಂತ” ಎಂದ. ಸ್ವಲ್ಪ ಹೊತ್ತಿಗೆ ಅವನ ನಗು ನಿಂತಿತು. ಬೆಕ್ಕು ಅಂಗಳಕ್ಕಿಳಿದು ಬೇಲಿಯ ದಣಪೆಯ ಹತ್ತಿರ ರಸ್ತೆ ನೋಡುತ್ತ ಕೂತಿದೆ ಎಂದ. ವಸಂತಿ ನನ್ನ ಕೈಯಿಂದ ಫೋನು ತೆಗೆದುಕೊಂಡು ಕೆಂಪು ಗುಂಡಿ ಒತ್ತಿದಳು. “ಇನ್ನು ಕಾಲ್ ಮಾಡೋದು ಬ್ಯಾಡ. ಅದಕ್ಕೆ ಸುಳ್ಳು ಹೇಳಿದ ಹಂಗಾಗತ್ತೆ” ಎಂದು ಒಳಗೆ ಹೋದಳು.

ಆ ಹೊಸ ಬಾಲದ ಚಿತ್ರವನ್ನು ನೋಡುತ್ತ ಕೂತವನಿಗೆ ಇದು ನನಗೆ ಬೆನ್ನು ತೋರಿಸಿದ್ದಲ್ಲ, ಅವಳನ್ನು ಹುಡುಕಿಕೊಂಡು ಹೊರಟದ್ದು ಎನ್ನುವುದು ಹೊಳೆಯಿತು. ಹಾಗಾದರೆ ಉಳಿದವು? ಆಲ್ಬಮ್ಮನ್ನು ಮತ್ತೆ ತೆರೆದು, ಈ ಸಲ ಕರಡು ನೋಡುವವನ ಕಣ್ಣಿನಿಂದ, ಅಂಚಿನಿಂದ ಅಂಚಿಗೆ ನೋಡಿದೆ. ಬಾಗಿಲ ಸಂದಿಯ ಬಾಲದಾಚೆ ಹಸಿರು ಸೀರೆಯ ಅಂಚು. ಮೇಜಿನ ಕಾಲಿನಾಚೆ ಒಡೆದ ಹಿಮ್ಮಡಿ. ಸೊಟ್ಟ ಬಾಲದ ಮೇಲ್ತುದಿಯಲ್ಲಿ ಹಾಲಿನ ತಟ್ಟೆ ಹಿಡಿದ ಎರಡು ಬೆರಳು. ಒಂದರಲ್ಲಿ ಬಾಗಿಲ ಬದಿಯಿಂದ ಇಣುಕಿದ ಸೌಟು ಮಾತ್ರ. ಅಲ್ಲ ಮಾರಾಯರೆ, ಜಾರಿದ ಕೊಂಬನ್ನು ಹುಡುಕುವ ನನಗೆ ಹೆಂಡತಿ ಕಾಣದೆ ಹೋದಳೇ! ಕರೆದು, ಅವಳ ಕನ್ನಡಕ ಹಾಕಿಸಿ, ಒಂದೊಂದನ್ನೇ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

“ಎಲ್ಲದ್ರಲ್ಲೂ ನನ್ನ ಹತ್ರಕ್ಕೇ ಬರ್ತಿತ್ತು, ಅಲ್ಲನ್ರೀ?” ಎಂದಳು. ಕಣ್ಣೊರೆಸಿಕೊಂಡು, ಮತ್ತೆ ಮೊದಲಿನಿಂದ ತೋರಿಸಿ ಎಂದಳು.

ಫೋನು ಈಗಲೂ ಜಾಗವಿಲ್ಲವೆಂದು ಗೊಣಗುತ್ತದೆ. ನಿನ್ನೆ ಕೂತು, ಬೆಕ್ಕಿನ ಫೋಟೋ ತೆಗೆಯುವುದು ಹೇಗೆಂಬ ಸಲಹೆಯ ವಿಡಿಯೋಗಳನ್ನೆಲ್ಲ ಅಳಿಸಿದೆ. ಬಾಲ ಒಂದನ್ನೂ ಮುಟ್ಟಲಿಲ್ಲ.