ಸೂರ್ಯ ಹುಟ್ಟದ ಮಂಗಳವಾರ

ಗುರುವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಹುಣಸೂರಿನ ನನ್ನ ಮನೆಯ ಜಗಲಿಯಲ್ಲಿ ಹಾಜರಿದ್ದವರು ಹನಗೋಡಿನ ಪುಟ್ಟತಾಯಮ್ಮ, ಅವರ ಮೊಮ್ಮಗಳು ಲತಾ, ನಾನು. ಜೊತೆಗೆ ನನ್ನ ಎಡಗೈಯ ಗಡಿಯಾರ. ಅದನ್ನೂ ಹಾಜರಿಯಲ್ಲಿ ಸೇರಿಸುವುದಕ್ಕೆ ಕಾರಣವಿದೆ. ದಿನವೂ ಸಂಜೆ ಆರಕ್ಕೆ ಸರಿಯಾಗಿ ಕೀಲಿ ಕೊಡಬೇಕಾದ ಹಳೆಯ ಕಾಲದ ಗಡಿಯಾರವದು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟೂ ಕಾಲ ಅದರ ಸೆಕೆಂಡ್ ಮುಳ್ಳು ನೋಡಿಕೊಂಡೇ ನಾಡಿ ಎಣಿಸಿದ್ದೇನೆ, ಮಕ್ಕಳು ಭೂಮಿಗೆ ಬಿದ್ದ ಗಳಿಗೆಯನ್ನು ಆಸ್ಪತ್ರೆಯ ರಿಜಿಸ್ಟರಿನಲ್ಲಿಯೂ ನನ್ನ ಡೈರಿಯಲ್ಲಿಯೂ ಬರೆದಿದ್ದೇನೆ.

ಹೆರಿಗೆ ಕೋಣೆಯ ಬಾಗಿಲು ತೆರೆದಾಗ ಹೊರಗೆ ನಿಂತವರು ಕೇಳುವ ಪ್ರಶ್ನೆಗಳಿಗೂ ಒಂದು ಕ್ರಮವಿದೆ, ಬಲ್ಲಿರಾ? ಮೊದಲು, ಗಂಡೋ ಹೆಣ್ಣೋ. ಆಮೇಲೆ, ಎಷ್ಟು ಗಂಟೆಗೆ. ಬಾಣಂತಿ ಹೇಗಿದ್ದಾಳೆ ಎಂಬುದು ಮೂರನೆಯದು. ಎಷ್ಟೋ ಸಲ ಅದು ಕೇಳಿಬರುತ್ತಲೇ ಇರಲಿಲ್ಲ. ನಾನೋ, ನಿಮಿಷವೂ ತಪ್ಪದಂತೆ ಉತ್ತರ ಕೊಡುತ್ತಿದ್ದೆ. ಆ ನಿಖರತೆಯ ಬಗ್ಗೆ ನನಗೆ ಹೆಮ್ಮೆ ಇತ್ತು.

ಲತಾ ನನ್ನ ಕೈಯಲ್ಲೇ ಹುಟ್ಟಿದವಳು. ಈಗ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಕೆ.ಆರ್. ನಗರದ ಹುಡುಗನೊಬ್ಬ ಬಂದು ನೋಡಿ ಒಪ್ಪಿ, ಮೂರು ತಿಂಗಳಿಂದ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು, ಇನ್ನೇನು ತಾಂಬೂಲ ಬದಲಾಯಿಸಬೇಕು ಎನ್ನುವಾಗ, ಪೇಟೆಯ ಜ್ಯೋತಿಷಿಯೊಬ್ಬರು ಕಂಪ್ಯೂಟರಿನಲ್ಲಿ ತೆಗೆದುಕೊಟ್ಟ ಜಾತಕ ಅಡ್ಡ ಬಂದಿತ್ತು. ಅವಳ ಏಳನೇ ಮನೆಯಲ್ಲಿ, ಎಂದರೆ ಮದುವೆಯ ಮನೆಯಲ್ಲಿ, ಶನಿ ಚಂದ್ರರು ಒಟ್ಟಿಗೆ ಕೂತಿದ್ದಾರಂತೆ, ಅದು ವಿಷಯೋಗವಂತೆ, ಸಂಸಾರವೇ ವಿಷವಾಗುತ್ತದಂತೆ. ದೋಷವಿಲ್ಲವೆಂದು ಈ ಸಂಜೆಯೊಳಗೆ ತಿಳಿಸದಿದ್ದರೆ ಗಂಡಿನವರು ಬೇರೆ ಹೆಣ್ಣು ನೋಡುತ್ತಾರೆ. ದಿನಕ್ಕೆರಡು ಹೊತ್ತು ಊರಿನ ಹಾಲನ್ನೆಲ್ಲ ಪರೀಕ್ಷೆ ಮಾಡುವವಳ ಹೆಸರಿಗೆ ವಿಷ!

ನನ್ನ ರಕ್ತ ಕುದಿಯಿತು. ನಮ್ಮ ಜಗಲಿಯಿಂದ ನೋಡಿದರೆ ಎಷ್ಟೋ ಸಂಜೆ ಚಂದ್ರನು ಊರಿನ ನೀರಿನ ಟ್ಯಾಂಕಿನ ತಲೆಯ ಮೇಲೇ ಕೂತಿರುತ್ತಾನೆ. ಟ್ಯಾಂಕಿನ ಪಾಚಿ ಅವನಿಗೆ ಹತ್ತಿತೆಂದು ಯಾರೂ ಹೇಳುವುದಿಲ್ಲ. ನೋಡುವವರು ನಿಂತ ಜಾಗದಿಂದ ಕೂಡಿದಂತೆ ಕಂಡದ್ದಕ್ಕೆ ಯುತಿಯೆಂದು ಹೆಸರಿಟ್ಟರೆ ಇಡಲಿ, ನನ್ನ ತಕರಾರಿಲ್ಲ. ಆದರೆ ಆ ಯುತಿಯ ಭಾರವನ್ನು ಇಪ್ಪತ್ತನಾಲ್ಕರ ಹುಡುಗಿಯೊಬ್ಬಳ ತಲೆಯ ಮೇಲೆ ಹೊರಿಸುವುದು ಯಾವ ನ್ಯಾಯ?

ಡೈರಿ ತೆಗೆದೆ. ಬೆಳಗಿನ ಜಾವ ನಾಲ್ಕು ಗಂಟೆ ನಲವತ್ತು ನಿಮಿಷ, ಮಂಗಳವಾರ, ಹೆಣ್ಣು, ಅಳು ಜೋರು. ಜಾತಕದಲ್ಲಿಯೂ ಅದೇ ನಾಲ್ಕು ನಲವತ್ತು. ಆದರೆ ಹಿಂದಿನ ತಾರೀಕು, ಸೋಮವಾರ. ಇದನ್ನು ಬರೆಸಿದವರು ಯಾರೆಂದು ಗದರಿದೆ. ಪುಟ್ಟತಾಯಮ್ಮ ಎಳ್ಳಷ್ಟೂ ಅಳುಕಲಿಲ್ಲ.

"ಸೂರ್ಯ್ನೇ ಉಟ್ಟಿರ್ನಿಲ್ಲ ಕಣವ್ವ. ಅವ್ನು ಉಟ್ದೆ ಮಂಗ್ಳಾರ ಎಲ್ಲಿಂದ ಬಂದಾತು?"

ಅಜ್ಜಿಯ ಲೆಕ್ಕ ತಪ್ಪಲ್ಲ. ಪಂಚಾಂಗದ ದಿನ ಹುಟ್ಟುವುದೇ ಸೂರ್ಯನ ಜೊತೆ. ಕಂಪ್ಯೂಟರಿನ ದಿನವೋ ಎಲ್ಲರೂ ಮಲಗಿದ ಮೇಲೆ, ನಡುರಾತ್ರಿ ಹನ್ನೆರಡಕ್ಕೆ, ಸದ್ದಿಲ್ಲದೆ ಹುಟ್ಟುತ್ತದೆ. ಇವೆರಡರ ನಡುವಿನ ಸಂದಿನಲ್ಲಿ ಹುಡುಗಿ ಒಂದು ಇಡೀ ದಿನ ಮುಂಚೆಯೇ ಹುಟ್ಟಿಬಿಟ್ಟಿದ್ದಳು. ಪಂಚಾಂಗವನ್ನೇ ನಂಬಿ ಬದುಕುವ ಆ ಜ್ಯೋತಿಷಿ, "ಯಾರ ಸೋಮವಾರ ತಾಯಿ?" ಎಂದು ಒಂದು ಮಾತು ಕೇಳಬಾರದಿತ್ತೆ?

ಹನ್ನೊಂದೂಕಾಲಿಗೆ ಮೂವರೂ ಪೇಟೆಯಲ್ಲಿದ್ದ ಆ ಜ್ಯೋತಿಷಿಯ ಅಂಗಡಿಗೆ ಹೋದೆವು. ಅವರು ತಾರೀಕು ತಿದ್ದಿದರು. ಶನಿ ಕೂತಲ್ಲೇ ಕೂತಿದ್ದ. ಒಂದು ದಿನದ ಅವಧಿ ಸಿಕ್ಕಿದ ಚಂದ್ರ ಪಕ್ಕದ ಮನೆಗೆ ದಾಟಿದ್ದ. ವಿಷಯೋಗವಿಲ್ಲ. ಪುಟ್ಟತಾಯಮ್ಮ ಕಂಪ್ಯೂಟರಿಗೇ ಕೈಮುಗಿದರು. ಜ್ಯೋತಿಷಿ ಕನ್ನಡಕ ಮೇಲೇರಿಸಿದರು.

"ವಿಷಯೋಗ ಹೋಯ್ತು ಕಣಮ್ಮ. ಆದ್ರೆ ಚಂದ್ರ ಈಗ ಎಂಟನೇ ಮನೇಲಿ ಕೂತವ್ನೆ. ಅದಕ್ಕೂ ಒಂದು ಶಾಂತಿ ಆಗ್ಬೇಕು."

ನಾನು ಮೇಜು ಗುದ್ದುವವಳಿದ್ದೆ. ಅಷ್ಟರಲ್ಲಿ ಲತಾ ಮೆಲ್ಲಗೆ ಹೇಳಿದಳು: "ಏಳ್ರಲ್ಲಿದ್ರೂ ನಂದೇ ತಪ್ಪು, ಎಂಟ್ರಲ್ಲಿದ್ರೂ ನಂದೇ ತಪ್ಪು. ಅವ್ನು ಎಲ್ಲಿ ಕೂತ್ರೆ ಸರಿ ಸ್ವಾಮಿ? ಅಲ್ಲೇ ಒಂದು ಚಾಪೆ ಹಾಸ್ಬುಡಿ."

ಹೊರಗಿನ ಮೆಟ್ಟಿಲ ಮೇಲೆ ನಿಂತು ಅವಳೇ ಹುಡುಗನಿಗೆ ಫೋನ್ ಮಾಡಿದಳು. ಮೊದಲನೇ ಜಾತಕದ ದೋಷವನ್ನೂ ಎರಡನೆಯದರ ದೋಷವನ್ನೂ ಬಿಡದೆ ಹೇಳಿದಳು, ಅನುಮಾನವಿದ್ದರೆ ಕೇಳಿ ಎಂದು ನನ್ನ ನಂಬರನ್ನೂ ಕೊಟ್ಟಳು. "ನಾನು ಹಾಲನ್ನ ಅಳ್ದು ನೋಡ್ತೀನಿ ಕಣ್ರೀ, ಕ್ಯಾನು ಯಾರ ಮನೇದು ಅಂತ ನೋಡಿ ವಾಪಸ್ ಕಳ್ಸಾಕಿಲ್ಲ. ನೀವು ಮೂರು ತಿಂಗ್ಳು ನನ್ನ ನೋಡಿದೀರಿ. ಸಂಜೆ ಒಳಗೆ ಹೇಳಿ" ಎಂದು ಮುಗಿಸಿದಳು. ಶಾಂತಿಯನ್ನು ಜ್ಯೋತಿಷಿಗೇ ಬಿಟ್ಟು ಮನೆಗೆ ಬಂದೆವು. ಮೂರು ಗಂಟೆಯ ಬಸ್ಸಿಗೆ ಅಜ್ಜಿ ಮೊಮ್ಮಗಳು ಊರಿಗೆ ಹೊರಟರು. ಸಂಜೆಯ ಹಾಲಿಗೆ ತಡವಾಗಬಾರದಲ್ಲ.

ಆರಕ್ಕೆ ಎರಡು ನಿಮಿಷವಿದ್ದಾಗ, ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ, ಫೋನ್ ಬಂತು. ಹುಡುಗನ ತಾಯಿ. ನನ್ನ ಡೈರಿಯ ತಾರೀಕು ಕೇಳಲಿಕ್ಕೇ ಇರಬೇಕೆಂದು ಮಾತು ಮಸೆದುಕೊಂಡೆ. ಆಕೆ ತಗ್ಗಿದ ದನಿಯಲ್ಲಿ ಹೇಳಿದರು:

"ನಮ್ಮೈದ ರಾಗಿ ಕುಯ್ಲಲ್ಲಿ ಉಟ್ಟಿದ್ದು ಕಣವ್ವ. ಇಸ್ಕೂಲ್ಗೆ ಸೇರ್ಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರ್ಕಂಡ್ರು. ಜಾತ್ಕನೂ ಅದ್ರಲ್ಲೇ ಬರ್ಸಿದ್ದು. ಆ ಉಡ್ಗಿ ಇದ್ದಿದ್ ಇದ್ದಂಗೇ ಏಳ್ತಲ್ಲ, ನಂಗೆ ನಾಚ್ಕೆ ಆಗೋಯ್ತು. ಭಾನ್ವಾರ ತಾಂಬೂಲ ತಕ್ಕಂಡು ಬತ್ತೀವಿ ಅಂತ ಆಗ್ಲೇ ಅವ್ಳಿಗೆ ಏಳಿದೀನಿ."

ಮೇಷ್ಟ್ರು ಬರೆದ ತಾರೀಕಿನ ಚಂದ್ರನಿಗೂ ಕಂಪ್ಯೂಟರಿನ ಚಂದ್ರನಿಗೂ ಕೂಡಿಬರಲಿಲ್ಲವೆಂದು ಇಷ್ಟು ದಿನ ಒಂದು ಜೀವ ಬಾಡಿತ್ತಲ್ಲ! ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಆದರೆ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕೇಳಿದವರಿಗೆಲ್ಲ ಗಂಟೆಯನ್ನು ನಿಮಿಷ ಸಮೇತ ಕೊಟ್ಟು ಕಳಿಸಿದವಳು ನಾನೇ. ಮೂರನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿ, ಗಂಟೆಯನ್ನು ಅವರೇ ಕಾದು ಕೇಳುವಂತೆ ಮಾಡಬಹುದಿತ್ತು.

ಡೈರಿಯಲ್ಲಿ ಲತಾಳ ಪುಟ ತೆರೆದೆ. ಗಂಟೆ, ವಾರ, ತೂಕ ಎಲ್ಲವೂ ಇತ್ತು; ಅವಳ ತಾಯಿಯ ಬಗ್ಗೆ ಒಂದಕ್ಷರವಿರಲಿಲ್ಲ. ಎಲ್ಲಕ್ಕಿಂತ ಮೇಲೆ ಬರೆದೆ: ಬಾಣಂತಿ ಕ್ಷೇಮ. ಆಮೇಲೆ ಗಡಿಯಾರಕ್ಕೆ ಕೀಲಿ ಕೊಟ್ಟೆ, ಹನ್ನೆರಡು ನಿಮಿಷ ತಡವಾಗಿ.