ಡಬ್ಬಿಯಲ್ಲಿ ಉಳಿದ ಏಳು ಗುಳಿಗೆ

ಗಡಹಿಂಗ್ಲಜದ ಜಿನಮತಿ ಗಂಡ ಬಾಪೂಸಾಹೇಬ ತೀರಿದ ವರ್ಷ ಎರಡು ಹಿಡಿದಳು: ಎಮ್ಮೆಯ ಹಗ್ಗ, ಜೈನರ ದಶಲಕ್ಷಣ ಪರ್ವದ ನೇಮ. ಪರ್ವದ ಹತ್ತೂ ದಿನ, ದಿನಕ್ಕೊಂದೇ ಊಟ. ಹೊತ್ತು ಮುಳುಗಿದ ಮೇಲೆ ನೀರೂ ಬಾಯಿಗಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಪ್ಪಿದವಳಲ್ಲ.

ಹೋದ ವರ್ಷ ಎದೆಯ ಗಡ್ಡೆ ಎಲುಬಿಗೆ ಹಬ್ಬಿತು. ರಕ್ತ ನೋಡಿ, ಹುಟ್ಟಿನಿಂದಲೇ ಬಂದ ಜೀನಿನ ದೋಷ ಅಂದರು. ಆ ದೋಷದ ಗಡ್ಡೆಗೇ ಗುರಿ ಇಟ್ಟು ಹೊಡೆಯುವ ಹೊಸ ಗುಳಿಗೆ, ಇನ್ನೂ ಪರೀಕ್ಷೆಯಲ್ಲಿದ್ದದ್ದು, ಕೊಲ್ಹಾಪುರದ ದವಾಖಾನೆಯಲ್ಲಿ ಸಿಕ್ಕಿತು. ಮುಂಜಾನೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ತಿಂಗಳಿಗೊಮ್ಮೆ ಡಬ್ಬಿ ಒಯ್ದು ತೋರಿಸಬೇಕು. ಉಳಿದದ್ದನ್ನು ಅಲ್ಲಿ ಎಣಿಸುತ್ತಾರೆ.

ಅಂದು ಪರ್ವದ ಎಂಟನೇ ದಿನ. ಡಬ್ಬಿಯಲ್ಲಿ ಏಳು ಗುಳಿಗೆ ಇದ್ದವು. ಏಳು ರಾತ್ರಿಯವು.

“ಅತ್ತೀ, ಪರೀಕ್ಷೇದಿಂದ ತಗದ ಹಾಕ್ತಾರ ನಿಮ್ಮನ್ನ,” ದವಾಖಾನೆಯ ಬಾಕಿನ ಮೇಲೆ ಸೊಸೆ ರುಪಾಲಿ ಪಿಸುಗುಟ್ಟಿದಳು. “ಕೊಡ್ರಿಲ್ಲೆ, ಮೋರ್ಯಾಗ ಚೆಲ್ಲಿ ಬರ್ತೇನಿ. ಯಾರಿಗಿ ತಿಳೀತೈತಿ?”

ಇಲ್ಲಿಂದ ತೆಗೆದರೆ ಮುಂದೆ ಬೇರೆ ಔಷಧವಿಲ್ಲ. ಡಬ್ಬಿ ಕೊಡಲು ಜಿನಮತಿ ಕೈ ಚಾಚಿಯೂಬಿಟ್ಟಳು. ಆದರೆ ಇಚಲಕರಂಜಿಗೆ ಕೊಟ್ಟ ಮಗಳು ಪ್ರಿಯದರ್ಶನಿಯ ರಕ್ತದಲ್ಲೂ ಅದೇ ದೋಷ. ನುಂಗದ್ದನ್ನು ನುಂಗಿದೆನೆಂದರೆ ಗುಳಿಗೆಯ ಗುಣವನ್ನೇ ತಪ್ಪು ಬರೆದುಕೊಳ್ಳುತ್ತಾರೆ. ನಾಳೆ ಮಗಳಿಗೆ ಅದೇ ತಪ್ಪು ಬಂದು ಬಡಿದೀತು. ಕೈ ಹಿಂದೆಳೆದಳು.

ನರ್ಸ್ ಉಜ್ವಲಾ ಒಳಗೆ ಕರೆದು ಎಣಿಸಿದಳು.

“ಏಳ ಉಳದಾವಲ್ರಿ, ಮಾವಶಿ?”

“ಪರ್ವ ನಡದೈತಿ, ತಂಗಿ. ರಾತ್ರೀವು ನುಂಗಿಲ್ಲ.”

“ಔಷಧಕ್ಕೂ ಉಪಾಸೇನ್ರಿ! ಕಮಾಲ್ ಮಾಡಿದ್ರಿ ನೋಡ್ರಿ!” ಅಂದವಳು ನಗಲಿಲ್ಲ. ಡಬ್ಬಿ ಹಿಡಿದು ಡಾಕ್ಟರರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜಿನಮತಿ ಸೊಸೆಯಿದ್ದ ಬಾಕಿಗೆ ಮರಳಿದಳು. ಅರ್ಧ ತಾಸಾದರೂ ಬಾಗಿಲು ತೆಗೆಯಲಿಲ್ಲ. ಒಳಗೆ ಡಾಕ್ಟರರು ಫೋನಿನಲ್ಲಿ ಯಾರಿಗೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಡುನಡುವೆ ತನ್ನ ಹೆಸರಷ್ಟೇ ಜಿನಮತಿಗೆ ತಿಳಿಯಿತು.

“ಬಡಕೊಂಡೆ ನಾ, ಕೇಳಲಿಲ್ಲ ನೀವು,” ರುಪಾಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಸುಮ್ಕಿರ. ಇನ್ನೂ ಸತ್ತಿಲ್ಲ, ಈಗಽ ಅಳಾಕತ್ತಿ.”

ಉಜ್ವಲಾ ಹೊರಗೆ ಬಂದಳು. “ನಿಮ್ಮನ್ನ ಇಟ್ಟಕೋತಾರ್ರಿ. ಖರೆ, ಇವತ್ತ ರಾತ್ರಿಯಿಂದ ಒಂದೂ ತಪ್ಪಂಗಿಲ್ಲ.”

“ಇನ್ನ ಮೂರ ರಾತ್ರಿ ಅಷ್ಟ ಐತಿ ಪರ್ವ. ತಡ್ಯಾಕ ಬರೂದಿಲ್ಲೇನವಾ?”

“ಗಡ್ಡಿ ತಡೀತೈತೇನ್ರಿ, ಮಾವಶಿ?”

ಜಿನಮತಿ ಕಣ್ಣು ಮುಚ್ಚಿ ಬಹಳ ಹೊತ್ತು ಕೈ ಮುಗಿದು ನಿಂತಳು. ಆಮೇಲೆ ಹೊಸ ಡಬ್ಬಿ ಇಸಿದುಕೊಂಡಳು.

“ನಡಿ, ರುಪಾಲಿ. ಬಸದಿಯಾಗ ಯಾರರ ಕೇಳಿದ್ರ ಮುಚ್ಚಾಕ ಹೋಗಬ್ಯಾಡ. ನೇಮ ಮುರದೇನಂತ ನಾನಽ ಹೇಳ್ತೇನಿ.”